ಆರರ ಮೇಲೊಂದು

ಕೋಲು ಜಾಗಟೆಗೆ ತಗಲಲು ಇನ್ನು ನಾಲ್ಕು ಬೆರಳಿದೆ ಎನ್ನುವಾಗ ಗೌರಮ್ಮ ಅಂಗಳ ದಾಟಿ ಓಡಿಬಂದು ದಾಸಯ್ಯನ ಮಣಿಕಟ್ಟು ಹಿಡಿದುಕೊಂಡಳು.

“ಬ್ಯಾಡ. ಹೊಡೀಬ್ಯಾಡಿ. ನಿಮ್ ಕಾಲಿಗೆ ಬೀಳ್ತೀನಿ, ಅದೊಂದು ಮಾತ್ರ ಹೊಡೀಬ್ಯಾಡಿ.”

ದಾಸಯ್ಯ ರಾಮಯ್ಯ ಕಂಚಿನ ಜಾಗಟೆಯನ್ನು ಎದೆಗವಚಿಕೊಂಡು ಹಿಂದೆ ಸರಿದ. ಬಿಳೇಕಹಳ್ಳಿಯ ಸುತ್ತಮುತ್ತ ಯಾರು ಸತ್ತರೂ ಮುಂದೆ ನಡೆದು ಶಂಖ ಊದಿ, ಜಾಗಟೆ ಬಾರಿಸಿ ಕಳಿಸಿಕೊಟ್ಟವನು ಅವನು. ಅವನ ಕಾಲು ಹಿಡಿದು ಅತ್ತವರಿದ್ದರು, ಕೈ ಹಿಡಿದು ತಡೆದವರು ಇರಲಿಲ್ಲ.

“ಏನಮ್ಮಾ ಇದು, ಊರೋರ ಮುಂದೆ?” ಎಂದ ಬೋರಣ್ಣ. ಸತ್ತವನ ಅಣ್ಣ. ಅತ್ತು ಅತ್ತು ಅವನ ದನಿ ಒಡೆದಿತ್ತು. “ಜಾಗಟೆ ಇಲ್ದೆ ಮಣ್ಣು ಮಾಡಕ್ಕೆ ನನ್ ತಮ್ಮ ಏನು ದಿಕ್ಕಿಲ್ದೋನಾ?”

“ಭಾವ, ಎದ್ದುಬಿಡ್ತಾರೆ.”

ಯಾರೋ ನಗಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಎಲ್ಲರ ಕಣ್ಣೂ ಜಗಲಿಯ ಕಡೆ ಹೋಯಿತು.

ಚಿಕ್ಕಬೈರಪ್ಪನನ್ನು ಮೀಯಿಸಿ, ಹೊಸ ಪಂಚೆ ಉಡಿಸಿ, ಗಲ್ಲಕ್ಕೆ ಬಿಳಿ ಬಟ್ಟೆ ಬಿಗಿದು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೈಗಳೆರಡೂ ತೊಡೆಯ ಮೇಲಿದ್ದವು. ಗೆಣ್ಣುಗಳು ಹಸಿ ಶುಂಠಿಯ ಹಾಗೆ ಗಂಟುಗಂಟಾಗಿದ್ದವು. ಊರಿನವರಿಗೆ ಅದು ಹೆಣ ಕೂರಿಸುವ ಕ್ರಮ. ಗೌರಮ್ಮನಿಗೆ ಮಾತ್ರ ಟೋಕಿಯೋದಿಂದ ಬಂದಿದ್ದ ಫೋಟೋ ನೆನಪಾಗುತ್ತಿತ್ತು. ಅದರಲ್ಲೂ ಅವನು ಹೀಗೆಯೇ ಕೂತಿದ್ದ. ಹಗ್ಗ ಬಿಗಿದ ಬಾಕ್ಸಿಂಗ್ ಕಟ್ಟೆಯ ಮೂಲೆಯಲ್ಲಿ, ಪುಟ್ಟ ಸ್ಟೂಲಿನ ಮೇಲೆ, ಬೆನ್ನನ್ನು ಕಂಬಕ್ಕೆ ಕೊಟ್ಟು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಗಂಟೆ ಹೊಡೆಯುವುದನ್ನೇ ಕಾಯುತ್ತ.

“ಸತ್ತೋರು ಎದ್ದಾರಾ ಗೌರಾ?” ಎಂದಳು ಪಕ್ಕದ ಮನೆಯ ನೀಲಗಂಗಮ್ಮ. ಎಂದವಳು ತಾನೇ ಎರಡು ಹೆಜ್ಜೆ ದೂರ ಸರಿದು ನಿಂತಳು.

ಅವಳಿಗೂ ಗೊತ್ತಿತ್ತು. ಆರು ವರ್ಷದಿಂದ ಆ ಬೀದಿಯಲ್ಲಿ ಗಂಟೆಯ ಸದ್ದಿರಲಿಲ್ಲ. ಗಂಡ ಟೋಕಿಯೋದಿಂದ ಬಂದ ಮೂರನೆಯ ದಿನ ಗೌರಮ್ಮ ದೇವರ ಮುಂದೆ ಗಂಟೆ ಆಡಿಸಿದ್ದಳು. ಚಾಪೆಯ ಮೇಲೆ ಮಲಗಿದ್ದವನು ಚಂಗನೆ ಎದ್ದು ನಿಂತ. ಎರಡು ಮುಷ್ಟಿ ಮುಖದ ಮುಂದೆ. ಕಣ್ಣು ತೆರೆದಿತ್ತು, ಅದರಲ್ಲಿ ಈ ಮನೆ ಇರಲಿಲ್ಲ. ಗಾಳಿಗೆ ನಾಲ್ಕು ಗುದ್ದು ಕೊಟ್ಟು ಏದುಸಿರು ಬಿಡುತ್ತ ಕೇಳಿದ: “ಎಷ್ಟನೇ ರೌಂಡು?” ಅವಳಿಗೆ ಏನು ಹೇಳಬೇಕೋ ತಿಳಿಯದೆ ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು. ಯಾವುದಕ್ಕೂ ಅವನು ಕೂರಲಿಲ್ಲ. ಕಡೆಗೆ ಕೆಲಸಕ್ಕೆ ಬಂದದ್ದು ಒಂದೇ ಮಾತು. ಭುಜದ ಮೇಲೆ ಎರಡೂ ಕೈ ಒತ್ತಿ, “ಆರು ಮುಗೀತು. ಕೂತ್ಕಳಿ” ಎಂದರೆ ಮಗುವಿನ ಹಾಗೆ ಕುಸಿದು ಕೂರುತ್ತಿದ್ದ.

ದೇವರ ಗಂಟೆಯ ನಾಲಗೆಗೆ ಅರಿವೆ ಸುತ್ತಿದರು. ಬೋರಣ್ಣ ಎತ್ತುಗಳ ಕೊರಳಿನ ಗಂಟೆಸರ ಬಿಚ್ಚಿ ಅಟ್ಟಕ್ಕೆ ಹಾಕಿದ. ಟಪಾಲಿನವನು ಸೈಕಲ್ಲನ್ನು ತಳ್ಳಿಕೊಂಡೇ ಬರುತ್ತಿದ್ದ. ಗಂಟೆಯೊಂದಿಲ್ಲದಿದ್ದರೆ ಚಿಕ್ಕಬೈರಪ್ಪನಂಥ ಸಾಧು ಇನ್ನೊಬ್ಬನಿರಲಿಲ್ಲ. ಹಸುವಿನ ಮೈ ತಿಕ್ಕುವನು, ಅವರೆಕಾಯಿ ಬಿಡಿಸಿ ಕೊಡುವನು, ಬಿಡಿಸುತ್ತ ಅರ್ಧ ತಿನ್ನುವನು.

ನಿನ್ನೆ ಹೊತ್ತೇರಿದ ಮೇಲೆ ಮಡಿವಾಳದ ಕಡೆಯಿಂದ ಐಸ್‌ಕ್ಯಾಂಡಿಯವನೊಬ್ಬ ಬಂದ. ಹೊಸಬ. ಬೀದಿಯ ತಲೆಯಲ್ಲಿ ನಿಂತು ಗಂಟೆ ಅಲ್ಲಾಡಿಸಿದ. ಗೌರಮ್ಮ ಬಾವಿಯ ಹತ್ತಿರ ಇದ್ದಳು. ಕೊಡ ಬಿಟ್ಟು ಓಡಿಬಂದಳು. ಅಷ್ಟರಲ್ಲಿ ಚಿಕ್ಕಬೈರಪ್ಪ ಎದ್ದು, ಅಂಗಳಕ್ಕೆ ಬಂದು, ಮುಷ್ಟಿ ಎತ್ತಿ ಮೂರು ಹೆಜ್ಜೆ ಇಟ್ಟು ಒರಳುಕಲ್ಲಿನ ಮೇಲೆ ಬಿದ್ದಿದ್ದ.

ಭುಜ ಒತ್ತಿ ಕೂರಿಸಲು ಅವಳ ಕೈ ಅಲ್ಲಿರಲಿಲ್ಲ.

“ಗೌರೀ,” ಒಳಗಿಂದ ಕೋಲೂರಿಕೊಂಡು ಬಂದ ಅತ್ತೆ ಮರಿಯಮ್ಮ ಅವಳ ಸೆರಗು ಹಿಡಿದಳು. “ನೀ ಹೇಳೋದು ಸರಿ ಕಣವ್ವ. ಆದ್ರೆ ನಂಗೆ ಬೇರೆ ಭಯ. ಅಲ್ಲಿ ಕತ್ಲೆ. ಕಣ್ಣು ಕಾಣಾಕಿಲ್ಲ. ಜೀವ ಜಾಗಟೆ ಸದ್ದು ಹಿಡ್ಕಂಡೇ ದಾರಿ ನಡೀತದೆ. ಸದ್ದಿಲ್ದೆ ಕಳಿಸಿದ್ರೆ ನನ್ ಮಗ ಈ ಹೊಸ್ಲಲ್ಲೇ ನಿಂತ್ಕತಾನೆ. ಒಳಕ್ಕೂ ಇಲ್ಲ, ಆಚ್ಗೂ ಇಲ್ಲ.”

ಗೌರಮ್ಮ ಹೊಸ್ತಿಲು ನೋಡಿದಳು. ಅಲ್ಲಿ ನೆರಳು ಬಿದ್ದಿತ್ತು, ಬಾಗಿಲಿನದೇ. ಆದರೂ ಕಾಲು ಹಿಂದಕ್ಕೆಳೆದುಕೊಂಡಳು.

“ವೆಂಕಟಾಚಲ ಮೇಷ್ಟ್ರು ಬರ್ಲಿ, ಭಾವ,” ಎಂದಳು. “ಮೇಷ್ಟ್ರು ಬರಗಂಟ ತಡೀರಿ.”

*

ಆರು ವರ್ಷದ ಹಿಂದೆ ಸಂಕ್ರಾಂತಿ ಕಳೆದು ಕಣದಲ್ಲಿ ರಾಗಿ ಅಳೆಯುತ್ತಿದ್ದಾಗ ಟೋಕಿಯೋದಿಂದ ಕಾಗದ ಬಂದಿತ್ತು. ೧೯೬೧.

ಮರಿಯಮ್ಮ ಕೊಳಗ ತುಂಬಿ ತುಂಬಿ ಎಣಿಸುತ್ತಿದ್ದಳು. “ಲಾಭ… ಎರಡು… ಮೂರು…” ಮೊದಲನೆಯದಕ್ಕೆ ಒಂದು ಎನ್ನುವಂತಿಲ್ಲ, ಲಾಭ. ಆರಾದ ಮೇಲೆ ಬರುವುದಕ್ಕೂ ಅದರ ಹೆಸರು ಹಿಡಿಯುವಂತಿಲ್ಲ. ಕಣದಲ್ಲಿ ‘ಏಳು’ ಎಂದರೆ ರಾಶಿಯ ಮೇಲೆ ಕೂತ ಲಕ್ಷ್ಮಿ ತನಗೇ ಹೇಳಿದರೆಂದು ಎದ್ದು ಹೋಗಿಬಿಡುತ್ತಾಳೆ. “ಆರು… ಆರರ ಮ್ಯಾಲೊಂದು… ಎಂಟು…” ಸೊಸೆಯಾಗಿ ಬಂದ ವರ್ಷ ಗೌರಮ್ಮ ಬಾಯಿತಪ್ಪಿ ಅಂದುಬಿಟ್ಟು ಮುದುಕಿಯಿಂದ ಬೈಸಿಕೊಂಡಿದ್ದಳು. ಆಮೇಲೆ ಅವಳಿಗೂ ಅದೇ ನಾಲಗೆ ಆಯಿತು.

ಟಪಾಲಿನವನು ಕಣದಲ್ಲೇ ನಿಂತು ಓದಿದ. ಕೊಲಂಬೋ, ರಂಗೂನ್, ಸಿಂಗಪುರದಿಂದಲೂ ಹೀಗೆ ಕಾಗದ ಬಂದದ್ದುಂಟು. ಹಲಸೂರಿನ ಸೇನೆಯ ಮೆಸ್ಸಿಗೆ ತರಕಾರಿ ಹೊತ್ತು ಹಾಕುತ್ತಿದ್ದ ಚಿಕ್ಕಬೈರಪ್ಪನ ಕೈಗೆ ಅಲ್ಲಿನ ಡ್ರಿಲ್ ಮಾಸ್ಟರು ವೆಂಕಟಾಚಲ ಬಾಕ್ಸಿಂಗಿನ ಗವಸು ತೊಡಿಸಿದ ಮೇಲೆ, ಸಮುದ್ರದಾಚೆಯ ಊರುಗಳ ಹೆಸರು ಈ ಮನೆಯಲ್ಲಿ ಸಂತೆಯ ಊರುಗಳ ಹಾಗೆ ಬಳಕೆಯಾಗಿದ್ದವು.

“‘ಇಲ್ಲಿ ಟೆಲಿವಿಷನ್ ಕಂಪನಿಯವರು ನನ್ನನ್ನು ಹನ್ನೆರಡು ಗುರುವಾರಕ್ಕೆ ಗೊತ್ತು ಮಾಡಿದ್ದಾರೆ. ಈ ಗುರುವಾರ ನಾನು ಪೆಟ್ಟಿಗೆಯಲ್ಲಿ ಬರುತ್ತೇನೆ. ಲಕ್ಷಾಂತರ ಜನ ನೋಡುತ್ತಾರೆ. ನೀವು ಚಿಂತೆ ಮಾಡಬೇಡಿ.’”

ಕೊಳಗ ಮರಿಯಮ್ಮನ ಕೈಜಾರಿತು. “ಪೆಟ್ಗೇಲಾ? ಅಯ್ಯೋ ನನ್ ಮಗ್ನೇ, ಪೆಟ್ಗೇಲಿ ಬತ್ತೀಯಾ!”

ಮಡಿವಾಳದ ನೆಂಟರು ಗಾಡಿ ಕಟ್ಟಿಕೊಂಡು ಬಂದರು. ತಿಲಕ್ ನಗರದಿಂದ ಗೌರಮ್ಮನ ಚಿಕ್ಕಮ್ಮ ಬಂದು ತಬ್ಬಿಕೊಂಡು ಗೊಳೋ ಎಂದಳು. ಯಾರೋ ಗೌರಮ್ಮನ ಕೈ ಹಿಡಿದು ಬಳೆಗೆ ಕಲ್ಲೆತ್ತಿದ್ದರು. ನೀಲಗಂಗಮ್ಮ ಅಡ್ಡ ಬಂದಳು: “ಅಲ್ರೇ, ಸತ್ತೋನು ಕಾಗ್ದ ಹೆಂಗೆ ಬರ್ದಾನು? ಅದೂ ಇಷ್ಟು ಗುಂಡಕ್ಕೆ?”

ಬೋರಣ್ಣ ಸೈಕಲ್ ಹತ್ತಿ ಜಯನಗರಕ್ಕೆ ಓಡಿದ. ಅಲ್ಲಿ ರಿಟೈರ್ ಆದ ಗುಮಾಸ್ತರು ಸೇತುರಾಮಯ್ಯನವರು ಇಂಗ್ಲಿಷ್ ಪತ್ರಿಕೆಯೊಂದರ ಚಿತ್ರ ತೋರಿಸಿ ತಿಳಿಹೇಳಿದರು. ಬೋರಣ್ಣ ಹಿಂದಕ್ಕೆ ಬಂದು ಎಲ್ಲರನ್ನೂ ಕೂರಿಸಿ ಹೇಳಿದ: “ಅದು ಹೆಣದ ಪೆಟ್ಗೆ ಅಲ್ಲ. ರೇಡಿಯೋ ಇದ್ದಂಗೆ, ಮುಂದೆ ಗಾಜು. ಒಳಗೆ ಮನ್ಸ ಕಾಣಿಸ್ತಾನೆ. ಇವ್ನು ಅಲ್ಲಿ ಹೊಡೆದಾಡಿದ್ರೆ ಎಲ್ರ ಮನೇಲೂ ಕಾಣಿಸ್ತದೆ.”

“ಎಲ್ರ ಮನೇಲೂ ಒಂದೇ ಸಲ?”

“ಒಂದೇ ಸಲ.”

ಅಳು ನಗುವಾಯಿತು. ಬಂದವರಿಗೆಲ್ಲ ಮುದ್ದೆ ಕಟ್ಟಿ ಹಾಕಿದರು. ಗೌರಮ್ಮ ಮಾತ್ರ ನಗಲಿಲ್ಲ. ಏಳು ಸಮುದ್ರದಾಚೆ ಗಿಣಿಯ ಹೊಟ್ಟೆಯಲ್ಲಿ ಪ್ರಾಣ ಇಟ್ಟ ರಾಕ್ಷಸನ ಕತೆಯನ್ನು ಅತ್ತೆ ಎಷ್ಟು ಸಲ ಹೇಳಿದ್ದಳೋ. ಗಿಣಿಯ ಕಾಲು ಮುರಿದರೆ ಇಲ್ಲಿ ರಾಕ್ಷಸನ ಕಾಲು ಮುರಿಯುತ್ತಿತ್ತು. ಲಕ್ಷ ಮನೆಯ ಲಕ್ಷ ಪೆಟ್ಟಿಗೆಯಲ್ಲಿ ಗಂಡನನ್ನು ಹಂಚಿಟ್ಟರೆ, ಹಿಂದಕ್ಕೆ ಬರುವವನಲ್ಲಿ ಎಷ್ಟು ಉಳಿದಿರುತ್ತದೆ?

*

ವೆಂಕಟಾಚಲ ಮೇಷ್ಟ್ರು ಬಂದಾಗ ಬಿಸಿಲು ತಲೆಯ ಮೇಲಿತ್ತು. ಜಯನಗರದಿಂದ ಸೈಕಲ್ಲಿನಲ್ಲಿ ಬಂದವರು ಬೀದಿಯ ತಲೆಯಲ್ಲೇ ಇಳಿದು, ಗಂಟೆಯ ಮೇಲೆ ಅಂಗೈ ಮುಚ್ಚಿ, ತಳ್ಳಿಕೊಂಡು ಬಂದರು. ಅಷ್ಟು ರೂಢಿಯಾಗಿತ್ತು. ಜಗಲಿಯ ಮುಂದೆ ನಿಂತು, ಸೇನೆಯವರ ಹಾಗೆ ಹಿಮ್ಮಡಿ ಕೂಡಿಸಿದರು.

“ನೀವೇ ಹೇಳಿ ಮೇಷ್ಟ್ರೇ,” ಎಂದ ಬೋರಣ್ಣ. “ಇವ್ಳು ಜಾಗಟೆ ಹೊಡೆಯಕ್ಕೆ ಬಿಡಾಕಿಲ್ಲ. ಅವ್ವ ಹೊಡೀದೆ ಕಳಿಸಾಕಿಲ್ಲ. ನನ್ ತಮ್ಮ ಹೊತ್ತಾರೆಯಿಂದ ಹಿಂಗೇ ಕುಂತವ್ನೆ.”

ಮೇಷ್ಟ್ರು ಗೌರಮ್ಮನ ಎದುರು ನೆಲದ ಮೇಲೇ ಕುಕ್ಕರುಗಾಲಲ್ಲಿ ಕೂತರು.

“ಗೌರಮ್ಮ, ಗಂಟೆ ಅಂದ್ರೆ ಅವನು ಯಾಕೆ ಏಳ್ತಿದ್ದ ಅಂತ ನಿಮಗೆ ಒಂದು ದಿನಾನೂ ಹೇಳ್ಲಿಲ್ಲ ನಾನು. ಡಾಕ್ಟರು ಪೆಟ್ಟು ಬಿದ್ದು ಮಿದುಳು ಕದಡಿದೆ ಅಂದ್ರು. ನಾನೂ ಅಷ್ಟೇ ಹೇಳಿ ಸುಮ್ಮನಾದೆ.”

“ಹೇಳಿ,” ಎಂದಳು.

“ನೀವು ಆಮೇಲೆ ನನ್ನ ಮುಖ ನೋಡಲ್ಲ.”

“ಹೇಳಿ ಮೇಷ್ಟ್ರೇ. ಇದಕ್ಕಿಂತ ಇನ್ನೇನು ಭಯ ಐತೆ ನಂಗೆ?”

*

ಮೊದಲನೆಯ ಗುರುವಾರ ಚಿಕ್ಕಬೈರಪ್ಪ ಎರಡನೆಯ ಸುತ್ತಿಗೇ ಎದುರಾಳಿಯನ್ನು ಮಲಗಿಸಿದ್ದ. ಎಡಗೈಯ ಒಂದೇ ಗುದ್ದು. ವೆಂಕಟಾಚಲ ಸಂತೋಷದಿಂದ ಕಟ್ಟೆ ಹತ್ತಿ ತಬ್ಬಿಕೊಂಡರು. ಟೆಲಿವಿಷನ್ ಕಂಪನಿಯ ಕನ್ನಡಕದವನು ಮಾತ್ರ ಕೈಗಡಿಯಾರ ನೋಡುತ್ತ ಬೆಳ್ಳಗೆ ಬಿಳಿಚಿಕೊಂಡಿದ್ದ.

“ಇನ್ನೂ ಇಪ್ಪತ್ತು ನಿಮಿಷ ಇದೆ,” ಎಂದ ದುಭಾಷಿಯ ಮೂಲಕ. “ಏನು ತೋರಿಸಲಿ? ಖಾಲಿ ಕಟ್ಟೆಯನ್ನೇ?”

ಎರಡು ಸುತ್ತುಗಳ ನಡುವಿನ ಒಂದೊಂದು ನಿಮಿಷವನ್ನು ಕಂಪನಿ ಒಬ್ಬ ಹಲ್ಲುಪುಡಿಯವನಿಗೆ ಮಾರಿತ್ತು. ಆರನೆಯ ಸುತ್ತಿನವರೆಗೆ ಐದು ನಿಮಿಷ. ಪಂದ್ಯ ಬೇಗ ಮುಗಿದರೆ ಹಲ್ಲುಪುಡಿಗೆ ಜಾಗವಿಲ್ಲ. ಮಾರನೆಯ ದಿನ ಹೊಸ ಕರಾರು ಬಂತು. ಆರನೆಯ ಸುತ್ತಿನ ಗಂಟೆಯವರೆಗೂ ಪಂದ್ಯ ನಡೆಯತಕ್ಕದ್ದು. ಅದಕ್ಕೆ ಮುಂಚೆ ಗೆಲ್ಲತಕ್ಕದ್ದಲ್ಲ, ಬಿದ್ದರೆ ಏಳತಕ್ಕದ್ದು, ಮೂಲೆಯಿಂದ ಟವೆಲು ಎಸೆದು ಸೋಲೊಪ್ಪತಕ್ಕದ್ದಲ್ಲ. ಹನ್ನೆರಡು ಗುರುವಾರ ಮುಗಿಸಿದರೆ ಪೂರ್ವದೇಶಗಳ ಓರಿಯಂಟ್ ಪಟ್ಟಕ್ಕೆ ಚಾಂಪಿಯನ್ನನ ಎದುರು ಪಂದ್ಯ. ಒಂದು ಗುರುವಾರ ತಪ್ಪಿದರೂ ಪಟ್ಟವಿಲ್ಲ.

ಅದೇ ಚಾಂಪಿಯನ್ನನನ್ನು ಚಿಕ್ಕಬೈರಪ್ಪ ರಂಗೂನಿನಲ್ಲಿ ಒಮ್ಮೆ ಕೆಡವಿದ್ದ. ಆಗ ನೋಡಲು ಪೆಟ್ಟಿಗೆ ಇರಲಿಲ್ಲ. ಆದ್ದರಿಂದ ಅದು ನಡೆದದ್ದೇ ಯಾರಿಗೂ ಗೊತ್ತಿರಲಿಲ್ಲ.

“ಅಷ್ಟೇ ತಾನೆ ಮೇಷ್ಟ್ರೇ?” ಎಂದು ನಕ್ಕಿದ್ದ. “ಆರು ರೌಂಡು ನಿಂತಿರೋದು. ಮೂಟೆ ಹೊತ್ಕಂಡು ಹಲಸೂರಿಗೆ ನಡೆಯೋದಕ್ಕಿಂತ ಕಷ್ಟವಾ? ಸೈನ್ ಮಾಡಿ.”

ತಲೆಗೆ ಕೆಂಪು ಪೇಟ, ಪೇಟಕ್ಕೆ ಗಾಜಿನ ತುರಾಯಿ ಇಟ್ಟು ಮಹಾರಾಜ ಬೈರ ಎಂದು ಕರೆದರು. ವಾರವಾರಕ್ಕೂ ಎದುರಾಳಿಗಳು ದಪ್ಪವಾಗುತ್ತ ಹೋದರು. ಏಳನೆಯ ಗುರುವಾರ ಮೂರನೆಯ ಸುತ್ತಿಗೇ ಬಿದ್ದ. ರೆಫರಿ ಬೆರಳೆತ್ತಿ ಆ ಊರಿನ ಭಾಷೆಯಲ್ಲಿ ಎಣಿಸತೊಡಗಿದ. ಅದು ಚಿಕ್ಕಬೈರಪ್ಪನಿಗೆ ತಿಳಿಯುವುದಿಲ್ಲವೆಂದು ಮೂಲೆಯಿಂದ ವೆಂಕಟಾಚಲ ಕನ್ನಡದಲ್ಲಿ ಕೂಗಿ ಎಣಿಸುತ್ತಿದ್ದರು. ಹಲಸೂರಿನ ಅಭ್ಯಾಸದ ದಿನಗಳಿಂದ ಅದೇ ಪದ್ಧತಿ. ಆರರವರೆಗೆ ಮಂಡಿಯೂರಿ ಉಸಿರು ತಗೋ. ಆಮೇಲೆ ನಮ್ಮ ಭಾಷೆಯೇ ಹೇಳುತ್ತದಲ್ಲ ಏನು ಮಾಡಬೇಕೆಂದು. ಇಬ್ಬರೂ ಅದನ್ನು ಹೇಳಿಕೊಂಡು ಎಷ್ಟೋ ಸಲ ನಕ್ಕಿದ್ದರು.

“ಐದು! ಆರು! ಏಳು!”

ಅವನು ಎದ್ದ.

ಗಂಟೆ ಹೊಡೆಯಿತು. ಸ್ಟೂಲಿನ ಮೇಲೆ ಕೂತು, ಬೋಗುಣಿಯಲ್ಲಿ ಒಂದು ಹಲ್ಲು ಉಗಿದ. ಕಟ್ಟೆಯ ಕೆಳಗಿದ್ದ ಪೆಟ್ಟಿಗೆಯಲ್ಲಿ ಆಗ ಹುಡುಗಿಯೊಬ್ಬಳು ಬಿಳಿಯ ಹಲ್ಲು ತೋರಿಸಿ ನಗುತ್ತಿದ್ದಳು. ವೆಂಕಟಾಚಲರ ಹೆಗಲ ಮೇಲೆ ಟವೆಲು ಇತ್ತು. ಎರಡು ಸಲ ಅದರ ಮೇಲೆ ಕೈಯಿಟ್ಟರು. ಎರಡು ಸಲವೂ ಕನ್ನಡಕದವನು ಇವರನ್ನೇ ನೋಡುತ್ತಿದ್ದ.

ನಾಲ್ಕನೆಯದರಲ್ಲಿ ಬಿದ್ದ. ಏಳು. ಎದ್ದ. ಐದನೆಯದರಲ್ಲಿ ಬಿದ್ದ. ಏಳು. ಎದ್ದ.

“ಎಷ್ಟನೇ ರೌಂಡು ಮೇಷ್ಟ್ರೇ?” ಎಂದು ಅವನು ಮೊದಲ ಸಲ ಕೇಳಿದ್ದು ಅವತ್ತು.

ಹನ್ನೊಂದನೆಯ ಗುರುವಾರ ಮುಗಿದ ಮೇಲೆ ಕನ್ನಡಕದವನು ತಲೆಬಾಗಿ ಬಂದು ಹೇಳಿದ. ಚಾಂಪಿಯನ್ನನನ್ನು ಇನ್ನೊಂದು ಟೆಲಿವಿಷನ್ ಕಂಪನಿ ಕೊಂಡುಕೊಂಡಿದೆ. ಇವರ ಪೆಟ್ಟಿಗೆಯಲ್ಲಿ ಅವನು ಬರುವ ಹಾಗಿಲ್ಲ, ಅವರ ಪೆಟ್ಟಿಗೆಯಲ್ಲಿ ಇವನು ಬರುವ ಹಾಗಿಲ್ಲ. ಪಟ್ಟದ ಪಂದ್ಯ ರದ್ದು. ಪೇಟ ಬೇಕಾದರೆ ಇಟ್ಟುಕೊಳ್ಳಬಹುದು.

*

ಮೇಷ್ಟ್ರು ಇಷ್ಟನ್ನೂ ಹೇಳಿ ಮುಗಿಸಿದರು.

“ಎಬ್ಬಿಸಿದ್ದು ಗಂಟೆ ಅಲ್ಲ ಗೌರಮ್ಮ. ನಾನು,” ಎಂದರು.

ಗೌರಮ್ಮ ಅವರನ್ನು ನೋಡಿದಳು. ಆರು ವರ್ಷ ಪ್ರತಿ ಭಾನುವಾರ ಇಷ್ಟು ದೂರ ಸೈಕಲ್ ತುಳಿದು ಬಂದು ಅವನ ಕೈ ಒತ್ತಿಕೊಂಡು ಕೂರುತ್ತಿದ್ದ ಕಾರಣ ಇದೇ ಏನೋ.

“ಆಯ್ತು. ಈಗ ಮಲಗಿಸೋದು ಹೆಂಗೆ? ಅದನ್ನ ಹೇಳಿ,” ಎಂದಳು.

“ಒಂದು ಪದ್ಧತಿ ಇದೆ. ಬಾಕ್ಸರು ಯಾರಾದ್ರೂ ತೀರಿಕೊಂಡ್ರೆ ಅವನ ಹೆಸರಲ್ಲಿ ಗಂಟೆ ಹತ್ತು ಸಲ ಹೊಡೀತಾರೆ. ನಿಧಾನಕ್ಕೆ. ಬಿದ್ದೋನಿಗೆ ಹತ್ತು ಎಣಿಸೋ ಹಾಗೆ. ಹತ್ತು ಆಯ್ತು ಅಂದ್ರೆ ಮುಗೀತು. ಆಮೇಲೆ ಅವನನ್ನ ಎಬ್ಬಿಸೋ ಹಕ್ಕು ಯಾರಿಗೂ ಇಲ್ಲ.”

“ಆ ಪೆಟ್ಟಿಗೆಯೋರಿಗೂ?”

“ಅವರಪ್ಪನಿಗೂ ಇಲ್ಲ.”

“ನಮ್ಮನೆಯೋರು ಯಾವತ್ತಾದ್ರೂ ಹತ್ತು ಕೇಳವ್ರಾ ಮೇಷ್ಟ್ರೇ?”

ಮೇಷ್ಟ್ರು ತಲೆಯಾಡಿಸಿದರು. “ಇಲ್ಲ. ಒಂದು ಸಲಾನೂ ಬಿಡ್ಲಿಲ್ಲ ನಾನು.”

ಮರಿಯಮ್ಮ ಕೋಲು ನೆಲಕ್ಕೆ ಕುಟ್ಟಿದಳು. “ಅಂಗಾರೆ ಜಾಗಟೆ ಹೊಡೆದಂಗೂ ಆತು, ಮಲಗಿಸಿದಂಗೂ ಆತು. ಗುಣಿ ತಾವ ಹೊಡೀಲಿ. ಏಳ್ರಪ್ಪಾ, ಹೊತ್ತಾತು.” ‘ಏಳ್ರಪ್ಪಾ’ ಎಂದವಳು ಮಗನ ಕಡೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

ಜಾಗಟೆ ಇಲ್ಲದೆ ಚಟ್ಟ ಹೊರಟಿತು. ದಾಸಯ್ಯ ಮುಂದೆ ನಡೆದ, ಶಂಖ ಮಾತ್ರ ಊದುತ್ತ. ಬೀದಿಯ ಜನ ಬಾಗಿಲಲ್ಲಿ ನಿಂತು ನೋಡಿದರು. ಮನೆಯ ಹಿಂದಿನ ಹೊಲದ ಅಂಚಿನಲ್ಲಿ, ಬನ್ನೇರುಘಟ್ಟದ ರಸ್ತೆಗೆ ಹತ್ತಿರದಲ್ಲಿ, ಹೊಂಗೆಮರದ ಕೆಳಗೆ ಗುಣಿ ತೋಡಿದ್ದರು. ಕೆಂಪು ಮಣ್ಣು. ಇಳಿಸಿ ಮಲಗಿಸಿದರು. ಗಲ್ಲದ ಕಟ್ಟು ಬಿಚ್ಚಿದರು. ಎದೆಯ ಮೇಲೆ ಒಂದು ಹಾರ.

“ಹೊಡಿಯಪ್ಪ ದಾಸಯ್ಯ,” ಎಂದ ಬೋರಣ್ಣ. ಎಂದವನು ಮರದ ಬೊಡ್ಡೆ ಹಿಡಿದುಕೊಂಡ.

ಕಂಚು ನುಡಿಯಿತು. ಆರು ವರ್ಷದಿಂದ ಆ ಕಡೆ ಕೇಳದ ಸದ್ದು. ಹೊಂಗೆಯ ಮೇಲಿನ ಹಕ್ಕಿಗಳೆಲ್ಲ ಒಮ್ಮೆಲೇ ಹಾರಿದವು. ಗುಣಿಯ ಅಂಚಿನಲ್ಲಿ ಕೂತ ಗೌರಮ್ಮ ಎರಡೂ ಕೈಯನ್ನು ಮುಂದೆ ಚಾಚಿಕೊಂಡೇ ಇದ್ದಳು.

“ಒಂದು,” ಎಂದರು ಮೇಷ್ಟ್ರು. ಅವರಿಗರಿವಿಲ್ಲದೆ ಬೆರಳು ಎದ್ದಿತ್ತು.

ಅವನು ಅಲುಗಲಿಲ್ಲ.

“ಎರಡು.” ಸದ್ದು ಪೂರಾ ಅಡಗುವವರೆಗೂ ಕಾದರು. “ಮೂರು.” ಯಾರೋ ಹೆಂಗಸು ಅಳುತ್ತಿದ್ದವಳು ನಿಲ್ಲಿಸಿದಳು. “ನಾಲ್ಕು. ಐದು.” ದಾಸಯ್ಯನ ಕೋಲು ಬೆವರಿಗೆ ಜಾರುತ್ತಿತ್ತು. “ಆರು.”

ಕೋಲು ಇನ್ನೊಮ್ಮೆ ಬಿತ್ತು. ಕಂಚು ಗುಂಯ್ ಎಂದು ನಡುಗುತ್ತಲೇ ಇತ್ತು. ಮೇಷ್ಟ್ರು ಬಾಯಿ ತೆರೆದರು. ಮಾತು ಬರಲಿಲ್ಲ.

ಅಲ್ಲಿದ್ದವರಿಗೆಲ್ಲ ಒಬ್ಬೊಬ್ಬರಾಗಿ ಹೊಳೆಯಿತು. ಆರಾದ ಮೇಲೆ ಬರುವ ಮಾತು ಯಾವುದೆಂದು. ಅದನ್ನು ಈ ದನಿಯಲ್ಲಿ ಕೇಳಿ ಅವನು ಮಲಗಿದ್ದೇ ಇಲ್ಲವೆಂದು. ನೀಲಗಂಗಮ್ಮ ಮುಖ ಮುಚ್ಚಿಕೊಂಡಳು. ಗಾಳಿಯೋ ಏನೋ, ಎದೆಯ ಮೇಲಿನ ಹಾರದಿಂದ ಒಂದು ಚೆಂಡುಹೂ ಉರುಳಿ ಅವನ ಮುಷ್ಟಿಯ ಪಕ್ಕಕ್ಕೆ ಬಿತ್ತು. ಮರಿಯಮ್ಮ ಕಿಟಾರನೆ ಕಿರುಚಿದಳು. ನಿಲ್ಲಿಸಿದರೆ ಎಣಿಕೆ ಅರ್ಧಕ್ಕೇ ನಿಂತ ಹಾಗೆ. ಅರ್ಧ ಎಣಿಸಿ ಬಿಟ್ಟರೆ ಮಲಗಿದವನು ಕಾಯುತ್ತಲೇ ಇರಬೇಕು. ಆ ಮಾತು ಅಂದರೆ, ಎದ್ದುಬಿಡಬೇಕು.

ಮೇಷ್ಟ್ರು ಅವಳ ಕಡೆ ತಿರುಗಿದರು. “ಗೌರಮ್ಮ, ನನ್ನ ಕೈಲಿ ಆಗಲ್ಲ…”

ಗೌರಮ್ಮನಿಗೆ ತನ್ನ ದನಿ ಎಲ್ಲಿಂದ ಬಂತೋ ತಿಳಿಯಲಿಲ್ಲ. ಕಣದಲ್ಲಿ ಕೊಳಗ ಹಿಡಿದು ಕೂತವಳ ದನಿ ಅದು. ಗಟ್ಟಿಯಾಗಿ, ಯಾವ ಆತುರವೂ ಇಲ್ಲದೆ.

“ಆರರ ಮ್ಯಾಲೊಂದು.”

ಗುಣಿಯಲ್ಲಿ ಏನೂ ಅಲುಗಲಿಲ್ಲ.

ದಾಸಯ್ಯ ಉಸಿರೆಳೆದು ಹೊಡೆದ. “ಎಂಟು,” ಎಂದಳು. ಹೊಡೆದ. “ಒಂಬತ್ತು.” ಮುದುಕಿಯೂ ಈಗ ಜೊತೆಗೆ ತುಟಿಯಾಡಿಸುತ್ತಿದ್ದಳು. ಕಡೆಯ ಏಟಿಗೆ ಇಬ್ಬರೂ ಒಟ್ಟಿಗೆ ಹೇಳಿದರು, “ಹತ್ತು.”

ಮೇಷ್ಟ್ರು ಎತ್ತಿದ್ದ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿಕೊಂಡರು. ಹೆಗಲ ಮೇಲಿದ್ದ ಟವೆಲು ತೆಗೆದು ಗುಣಿಯೊಳಕ್ಕೆ ಹಾಕಿದರು.

ಮಣ್ಣು ಮುಚ್ಚಿದ್ದಾಯಿತು. ಗಂಡಸರು ಕೈತೊಳೆಯಲು ಬಾವಿಯ ಕಡೆ ನಡೆದರು. ಬೋರಣ್ಣ ತಾಯಿಯನ್ನು ಕೈಹಿಡಿದು ಕರೆದುಕೊಂಡು ಹೋದ. ಗೌರಮ್ಮ ಒಬ್ಬಳೇ ಹಸಿಮಣ್ಣಿನ ಪಕ್ಕ ಕೂತಿದ್ದಳು.

ರಸ್ತೆಯಲ್ಲಿ ಯಾವುದೋ ಬೇರೆ ಊರಿನ ಗಾಡಿ ಬಂತು. ಎತ್ತುಗಳ ಕೊರಳಿನಲ್ಲಿ ಗಂಟೆಸರ, ಘಲ್ ಘಲ್ ಎನ್ನುತ್ತ.

ಅವಳ ಎರಡೂ ಕೈ ತಾವಾಗಿ ಮುಂದಕ್ಕೆ ಹೋಗಿ ಮಣ್ಣನ್ನು ಒತ್ತಿ ಹಿಡಿದವು. ಗಾಡಿ ತಿರುವು ದಾಟಿ, ಸದ್ದು ಪೂರಾ ಅಡಗುವವರೆಗೂ ಒತ್ತಿಯೇ ಹಿಡಿದಿದ್ದವು.